ಮೈಬಣ್ಣ ಅಂದರೆ ಯಾರ ಮೈ?

ಮಾರ್ಚ್ 3, ಸೋಮವಾರ

ಡ್ರಿಲ್ ಡ್ಯಾನ್ಸ್ ಸ್ಪರ್ಧೆಯ ವಲಯ ಸುತ್ತಿಗೆ ಇನ್ನು ಆರೇ ದಿನ. ನನ್ನ ತಂಡ ಇನ್ನೂ ಕುರಿಮಂದೆಯ ಹಾಗೆ ತಿರುಗುತ್ತಿದೆ. ಹದಿನಾರು ಹುಡುಗಿಯರು, ಮೂವತ್ತೆರಡು ಕಾಲು. ನನಗೆ ಬೇಕಾದದ್ದು ಒಂದೇ ಕಾಲು. ಎತ್ತಿದರೆ ಒಟ್ಟಿಗೆ ಎತ್ತಬೇಕು, ಇಟ್ಟರೆ ಒಂದೇ ಸದ್ದು ಬರಬೇಕು. ಇವತ್ತು ಒಂದೇ ತಿರುವನ್ನು ನಲವತ್ತು ಸಲ ಮಾಡಿಸಿದೆ. ಮಾತಾಡಿದವರನ್ನು ಗೋದಾಮಿನ ಸುತ್ತ ಓಡಿಸಿದೆ.

‘ಬಣ್ಣದಕ್ಕ, ಕಾಲು ಬಿದ್ದೇ ಹೋಗ್ತವೆ’ ಅಂದಳು ಎರಡನೇ ಸಾಲಿನ ಮೂರನೆಯವಳು.

‘ಬಿದ್ರೆ ಸಾಲಲ್ಲೇ ಬೀಳು’ ಅಂದೆ.

ಬಣ್ಣದಕ್ಕ ಅಂತ ಕರೆಯುವುದು ಸುಮ್ಮನೆ ಅಲ್ಲ. ಇಪ್ಪತ್ತೆರಡು ವರ್ಷದಿಂದ ಗಿರಣಿಯ ನೂಲಿಗೆ ಬಣ್ಣ ಹಾಕುತ್ತಿದ್ದೇನೆ. ಉಗುರಿನ ಸಂದಿಯಲ್ಲಿ ಯಾವ ವಾರ ಯಾವ ಬಣ್ಣ ಕುದಿಸಿದೆ ಅಂತ ಬರೆದಿರುತ್ತದೆ. ಸಂಜೆ ಪಾಳಿ ಮುಗಿದ ಮೇಲೆ ಹಳೇ ಗೋದಾಮಿನಲ್ಲಿ ಕೆಲಸಗಾರರ ಮಕ್ಕಳಿಗೆ ಡ್ರಿಲ್ ಡ್ಯಾನ್ಸ್ ಕಲಿಸುತ್ತೇನೆ. ದೊಡ್ಡ ಶಾಲೆಗಳ ತಂಡಗಳಿಗೆ ಗೋಡೆ ತುಂಬ ಕನ್ನಡಿ ಇರುವ ಹಾಲ್ ಇದೆ, ಸಂಬಳದ ತರಬೇತುದಾರರಿದ್ದಾರೆ. ನನಗಿರುವುದು ಗಂಟಲು. ಅದು ಸಾಕು. ಈ ಸಲ ನಾನು ಗೆಲ್ಲುತ್ತೇನೆ.

ಮುಂದೆ ನಾಯಕಿಯಾಗಿ ಮೇಸ್ತ್ರಿಯ ಮಗಳು. ಸದಾ ಬಾಯಲ್ಲಿ ಸೀಟಿ, ಅದಕ್ಕೆ ಎಲ್ಲರಿಗೂ ಅವಳು ‘ಸೀಟಿ’. ಮೂರನೇ ಸಾಲಿನ ಎಡತುದಿಗೆ ಇದ್ದಿಲು. ಮೂಟೆ ಹೊರುವವನ ಮಗಳು. ಆ ಹೆಸರು ನಾನೇ ಇಟ್ಟದ್ದು, ಪ್ರೀತಿಯಿಂದ. ಕರೆದರೆ ನಗುತ್ತಾಳೆ. ಕಾಲು ಅಂದರೆ ಗಡಿಯಾರದ ಮುಳ್ಳು, ಗಂಟಲು ಅಂದರೆ ಗಿರಣಿಯ ಸೈರನ್ನು. ಅಂಥವಳು ಹಿಂದೆ ಇದ್ದರೆ ತಂಡಕ್ಕೆ ಬೆನ್ನೆಲುಬು. ಮುಂದೆ ನಿಲ್ಲುವುದಕ್ಕೆ ಮುಖ ಬೇಕು. ಅದು ಸೀಟಿಗೆ ಇದೆ.

ಮಾರ್ಚ್ 6, ಗುರುವಾರ

ನಿಯಮ ಪುಸ್ತಕದ ಹದಿನೆಂಟನೇ ನಿಯಮ: ‘ಎಲ್ಲ ಸದಸ್ಯರೂ ಮೈಬಣ್ಣದ ಉದ್ದ ಕಾಲುಚೀಲ ಧರಿಸತಕ್ಕದ್ದು.’ ಈ ವರ್ಷ ಹೊಸದಾಗಿ ಸೇರಿಸಿದ್ದಾರೆ. ಬರಿಗಾಲು ಕಂಡರೆ ಅಂಕ ಕಟ್.

ಆಯಿತು. ಹದಿನಾರು ಜೊತೆ ಬಿಳಿ ಕಾಲುಚೀಲ ತಂದೆ. ಮಧ್ಯಾಹ್ನದ ಬಿಡುವಿನಲ್ಲಿ ಹುಡುಗಿಯರನ್ನು ಒಬ್ಬೊಬ್ಬರಾಗಿ ಉತ್ತರದ ಕಿಟಕಿ ಹತ್ತಿರ ನಿಲ್ಲಿಸಿ ಮೊಣಕಾಲಿಗೆ ಬಣ್ಣದ ಪಟ್ಟಿ ಹಿಡಿದು ನೋಡಿದೆ. ದೀಪದ ಬೆಳಕಿನಲ್ಲಿ ಬಣ್ಣ ನೋಡುವವನು ಬಣ್ಣದವನೇ ಅಲ್ಲ. ಹದಿನಾರು ಜೊತೆ ಕಾಲಿಗೆ ಒಂಬತ್ತು ಬಣ್ಣ ಬಂತು. ಒಂಬತ್ತು ಚಿಕ್ಕ ಪಾತ್ರೆ ಇಟ್ಟೆ.

‘ಅಕ್ಕ, ನಂದು ಒಂಚೂರು ತೆಳು ಮಾಡಿ’ ಅಂದಳು ಸೀಟಿ.

‘ನಿನ್ನ ಚರ್ಮನ ಕೇಳ್ಕೊಂಡು ಬಾ. ಅದು ಒಪ್ಪಿದ್ರೆ ಮಾಡ್ತೀನಿ.’

ಇದ್ದಿಲಿನದು ಕಷ್ಟವಾಯಿತು. ಮೂರು ಸಲ ಅದ್ದಿದೆ. ಬರಿಯ ಕಪ್ಪಲ್ಲ ಅದು, ಒಳಗೆ ಕೆಂಪಿದೆ, ಕೆಂಪಿನ ಒಳಗೆ ನೀಲಿಯ ಒಂದು ಎಳೆ ಇದೆ. ಹಾಕಿಕೊಂಡು ನಿಂತಾಗ ಕಾಲುಚೀಲ ಎಲ್ಲಿ ಶುರು, ಕಾಲು ಎಲ್ಲಿ ಶುರು ಅಂತ ನನಗೇ ಗೊತ್ತಾಗಲಿಲ್ಲ. ಇಷ್ಟು ವರ್ಷದಲ್ಲಿ ಇಂಥ ಕೆಲಸ ಮಾಡಿಲ್ಲ.

ಮಾರ್ಚ್ 9, ಭಾನುವಾರ

ವಲಯ ಸುತ್ತು ಮುಗಿಯಿತು.

ನೂರಕ್ಕೆ ತೊಂಬತ್ತೊಂದು. ಹೆಜ್ಜೆಗೆ, ಸಾಲಿಗೆ, ವಿನ್ಯಾಸಕ್ಕೆ ಎಲ್ಲದರಲ್ಲೂ ನನ್ನ ತಂಡವೇ ಮೇಲು. ಗಡಿ ಗೆರೆ ಯಾರೂ ತುಳಿದಿಲ್ಲ. ಸಮಯ ಎರಡು ಸೆಕೆಂಡು ಉಳಿದಿತ್ತು. ಮೊದಲನೇ ಸ್ಥಾನ ಅಂತ ಹುಡುಗಿಯರು ಕುಣಿಯಲು ಶುರು ಮಾಡಿದ್ದರು. ಆಮೇಲೆ ದಂಡದಮ್ಮ ಬಂದಳು. ತಪ್ಪು ಹುಡುಕಿ ಅಂಕ ಕಳೆಯುವ ತೀರ್ಪುಗಾರ್ತಿಗೆ ಹುಡುಗಿಯರು ಇಟ್ಟ ಹೆಸರು ಅದು. ಕತ್ತಿಗೆ ಪೆನ್ನು ನೇತು ಹಾಕಿಕೊಂಡಿರುತ್ತಾಳೆ, ನಗುವುದಿಲ್ಲ. ಕೈಗೆ ದಂಡಪತ್ರ ಕೊಟ್ಟು ಹೋದಳು.

‘ಸಮವಸ್ತ್ರ ಏಕರೂಪವಾಗಿಲ್ಲ. ಐದು ಅಂಕ ಕಳೆದಿದೆ. ತಪ್ಪಿದ ಸದಸ್ಯೆ: ಮೂರನೇ ಸಾಲು, ಎಡತುದಿ.’

ತೊಂಬತ್ತೊಂದು ಎಂಬತ್ತಾರಾಯಿತು. ಒಂದನೇ ಸ್ಥಾನ ನಾಲ್ಕನೇ ಸ್ಥಾನವಾಯಿತು. ಅಂತಿಮ ಸುತ್ತಿಗೆ ನಾಲ್ಕು ತಂಡ ಹೋಗುತ್ತವೆ, ಆದ್ದರಿಂದ ಬಾಲ ಹಿಡಿದುಕೊಂಡು ನಾನೂ ಹೋಗುತ್ತೇನೆ. ಬಾಲ ಹಿಡಿಯುವುದಕ್ಕೆ ನಾನು ಹುಟ್ಟಿದವಳಲ್ಲ.

ಬಸ್ಸಿನಲ್ಲಿ ಆ ಕಾಗದ ಕೈಯಿಂದ ಕೈಗೆ ಹೋಯಿತು. ಇದ್ದಿಲು ಓದಿ ಮಡಚಿ ವಾಪಸ್ ಕೊಟ್ಟಳು. ‘ಹೋಗ್ಲಿ ಬಿಡೇ ಇದ್ದಿಲು’ ಅಂದೆ. ಅವಳು ನಗಲಿಲ್ಲ. ಸುಸ್ತಾಗಿರಬೇಕು.

ಮಾರ್ಚ್ 14, ಶುಕ್ರವಾರ

ಅರ್ಧ ದಿನ ರಜೆ ಹಾಕಿ ಸ್ಪರ್ಧಾ ಸಮಿತಿಯ ಕಚೇರಿಗೆ ಹೋದೆ. ಮುಖ್ಯ ತೀರ್ಪುಗಾರ ನಿವೃತ್ತ ಡ್ರಿಲ್ ಮೇಷ್ಟ್ರು. ಕುರ್ಚಿಯಲ್ಲೂ ಅಟೆನ್ಷನ್‌ನಲ್ಲಿ ಕೂತಿರುತ್ತಾರೆ.

‘ನೋಡಮ್ಮ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ’ ಅಂತ ಶುರು ಮಾಡಿದರು.

‘ಸರ್, ನಮ್ಮ ಹುಡುಗಿಯರು ಕುಣಿದು ತೊಂಬತ್ತೊಂದು ತಗೊಂಡಿದ್ದಾರೆ. ನೆಲ ಡೊಂಕು ಅಂದವರು ನೀವು.’

ಅವರು ಡ್ರಾಯರ್ ಎಳೆದು ಅಂಗೈಯಗಲದ ಬಟ್ಟೆ ತುಂಡು ಮೇಜಿನ ಮೇಲೆ ಇಟ್ಟರು. ನೀರು ಬೆರೆಸಿದ ಹಾಲಿಗೆ ಒಂದು ತೊಟ್ಟು ಚಹಾ ಬಿದ್ದ ಬಣ್ಣ.

‘ಇದು ಮೈಬಣ್ಣದ ಮಾದರಿ.’

‘ಯಾರ ಮೈ ಸರ್?’

‘ಅಂದ್ರೆ?’

‘ಮೈಬಣ್ಣ ಅಂದ್ರೆ ಯಾರದೋ ಮೈ ಇರಬೇಕಲ್ಲ. ಇದು ಯಾರದು? ನಿಮ್ಮದಂತೂ ಅಲ್ಲ. ಕೈ ಪಕ್ಕ ಇಟ್ಟು ನೋಡಿ.’

ಅವರು ಕೈಯನ್ನು ಮೇಜಿನ ಕೆಳಗೆ ತೆಗೆದುಕೊಂಡರು. ‘ಮೈಬಣ್ಣ ಅಂದ್ರೆ ಎಲ್ಲರಿಗೂ ಗೊತ್ತಿರೋ ಬಣ್ಣ ಅಮ್ಮ. ಅಂಗಡೀಲಿ ಕೇಳಿದ್ರೆ ಇದೇ ಕೊಡ್ತಾರೆ. ಬೇರೆ ಯಾವ ತಂಡದವರೂ ನಿಮ್ಮ ಹಾಗೆ ಕಾಲು ಅಳೆದು ಬಣ್ಣ ಹಾಕಿಸಿಲ್ಲ.’

‘ನಾನು ಬಣ್ಣದವಳು ಸರ್. ಪದ ಇದ್ದ ಹಾಗೆ ಓದ್ತೀನಿ.’

‘ಅದೇ ನಿಮ್ಮ ತಪ್ಪು.’

ಕಾಮಾಲೆ ಕಣ್ಣಿಗೆ ಲೋಕವೆಲ್ಲ ಹಳದಿ. ಇವರ ಕಣ್ಣಿಗೆ ಲೋಕವೆಲ್ಲ ತೆಳು ಚಹಾ. ನನ್ನ ಮನವಿ ತಿರಸ್ಕಾರವಾಯಿತು. ಅಂತಿಮ ಸುತ್ತಿನಲ್ಲಿ ಅದೇ ತಪ್ಪು ಮಾಡಿದರೆ ದಂಡ ದುಪ್ಪಟ್ಟು, ಹತ್ತು ಅಂಕ. ಮಾದರಿ ತುಂಡಿನಿಂದ ಒಂದು ಚೂರು ಕತ್ತರಿಸಿ ಕೊಟ್ಟರು, ದಾನ ಕೊಟ್ಟ ಹಾಗೆ.

ಮಾರ್ಚ್ 17, ಸೋಮವಾರ

ಯೋಚಿಸಿದೆ. ಇಲ್ಲಿ ಬರೆಯುವುದನ್ನು ಯಾರೂ ಓದುವುದಿಲ್ಲ, ಆದ್ದರಿಂದ ನಿಜ ಬರೆಯುತ್ತೇನೆ. ನನಗೆ ಎರಡು ದಾರಿ. ಒಂದು, ಎಡತುದಿಯನ್ನು ಖಾಲಿ ಬಿಡುವುದು. ಹದಿನೈದು ಜನರ ತಂಡಕ್ಕೂ ಅವಕಾಶವಿದೆ. ಉಳಿದವರ ಬಣ್ಣದ ವ್ಯತ್ಯಾಸ ದಂಡದಮ್ಮನ ಕಣ್ಣಿಗೆ ಬಿದ್ದೇ ಇರಲಿಲ್ಲ. ಇನ್ನೊಂದು, ಎಲ್ಲರ ಕಾಲಿಗೂ ಆ ತೆಳು ಚಹಾ ಎರೆಯುವುದು.

ಮೊದಲನೇ ದಾರಿಯನ್ನು ಬಸ್ಸಿನಲ್ಲಿ ಎರಡು ನಿಲ್ದಾಣದ ತನಕ ಯೋಚಿಸಿದೆ. ಮೂರನೇ ನಿಲ್ದಾಣದಲ್ಲಿ ಬಿಟ್ಟೆ. ಬೆನ್ನೆಲುಬು ತೆಗೆದು ಯಾರಾದರೂ ನಿಲ್ಲುತ್ತಾರೆಯೇ?

ನಿಯಮ ಅಂದರೆ ನಿಯಮ. ಮೊದಲು ಗೆಲ್ಲಬೇಕು, ಜಗಳ ಆಮೇಲೆ. ಗೆದ್ದವರ ಜಗಳಕ್ಕೆ ಕಿವಿ ಕೊಡುತ್ತಾರೆ. ಹೊಸ ಹದಿನಾರು ಜೊತೆಗೆ ಮಾದರಿಯ ಬಣ್ಣ ಹಾಕಿದೆ. ಒಂದೇ ಪಾತ್ರೆ, ಅರ್ಧ ಗಂಟೆಯ ಕೆಲಸ. ಕಣ್ಣು ಮುಚ್ಚಿ ಮಾಡಬಹುದು. ಹಾಗೆಯೇ ಮಾಡಿದೆ.

ಮಾರ್ಚ್ 20, ಗುರುವಾರ

ಹಾಕಿಸಿ ನೋಡಿದೆ. ಸೀಟಿಗೆ ಪರವಾಗಿಲ್ಲ. ಕೆಲವರ ಕಾಲು ಜ್ವರ ಬಂದವರ ಹಾಗೆ ಕಂಡಿತು. ಇದ್ದಿಲು ಹಾಕಿಕೊಂಡು ಬಂದಾಗ ಎಲ್ಲರೂ ತಿರುಗಿ ನೋಡಿದರು. ಕಪ್ಪು ಕಾಲಿನ ಮೇಲೆ ತೆಳು ಬಣ್ಣದ ನೂಲು ಹಿಗ್ಗಿ ಬೂದಿಯಾಗಿತ್ತು. ಮೊಣಕಾಲು ಮಡಚಿದಾಗಲೆಲ್ಲ ಬೂದಿಯ ಒಳಗಿಂದ ಅವಳ ಬಣ್ಣ ಇಣುಕುತ್ತಿತ್ತು.

ಯಾರೋ ಒಬ್ಬಳು, ‘ಇದ್ದಿಲು ಉರಿದು ಬೂದಿ ಆಯ್ತು’ ಅಂದಳು. ಎಲ್ಲರೂ ನಕ್ಕರು. ನನಗೂ ನಗು ಬಂತು. ಬಂತು, ಬರೆಯಲೇಬೇಕು.

ಅವಳು ಅಲ್ಲೇ ನೆಲದ ಮೇಲೆ ಕೂತು, ಎರಡೂ ಕಾಲುಚೀಲ ಬಿಚ್ಚಿ, ಮಡಚಿ, ನನ್ನ ಕೈಯಲ್ಲಿಟ್ಟಳು. ‘ಅಕ್ಕ, ಅವತ್ತು ಐದು ಅಂಕ ನನ್ನಿಂದ ಹೋಯ್ತು. ಇನ್ನು ಹೋಗಲ್ಲ’ ಅಂದಳು. ಚಪ್ಪಲಿ ಹಾಕಿಕೊಂಡು ಹೊರಟುಹೋದಳು.

ಉಳಿದವರಿಂದ ತಿರುವು ಮಾಡಿಸಿದೆ. ಮೂರನೇ ಸಾಲು ಎಡಕ್ಕೆ ವಾಲುತ್ತಿತ್ತು.

ಮಾರ್ಚ್ 21

ಬರಲಿಲ್ಲ.

ಮಾರ್ಚ್ 22

ಬರಲಿಲ್ಲ. ಯಾರನ್ನೂ ಓಡಿಸಲಿಲ್ಲ ಇವತ್ತು.

ಮಾರ್ಚ್ 23, ಭಾನುವಾರ

ಅವಳ ಮನೆಗೆ ಹೋದೆ. ಗಿರಣಿಯ ಹಿಂದಿನ ಓಣಿಯಲ್ಲಿ ಒಂದು ಕೋಣೆ, ಒಂದು ಕಿಟಕಿ. ಅವಳಪ್ಪ ಬಾಗಿಲಲ್ಲೇ ಕೂತು ಹೆಗಲಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದ. ಮೂಟೆ ಹೊತ್ತ ಹೆಗಲು, ಚರ್ಮ ಕಾಯಿ ಕಟ್ಟಿದೆ.

‘ಬನ್ನಿ ಅಕ್ಕಾವ್ರೇ. ಏನ್ ತಪ್ಪು ಮಾಡಿದ್ಲು ಇವಳು?’

‘ಏನೂ ಇಲ್ಲಣ್ಣ.’

‘ಕಾಗದದಲ್ಲಿ ಹಂಗೇ ಬರೆದವ್ರಂತೆ. ತಪ್ಪಿದ ಸದಸ್ಯೆ ಅಂತ. ನಾನೂ ಕೇಳ್ದೆ, ಹೆಜ್ಜೆ ತಪ್ಪಿದ್ಯೇನೇ? ಇಲ್ಲಪ್ಪ. ಗೆರೆ ತುಳಿದ್ಯೇನೇ? ಇಲ್ಲಪ್ಪ. ಮತ್ತೆ ಏನ್ ತಪ್ಪಿದೆ? ಹುಟ್ಟಿದ್ದು ಅಂದ್ಲು.’

ಹುಡುಗಿ ಒಳಗೆ ಪಾತ್ರೆ ತೊಳೆಯುತ್ತಿದ್ದಳು. ಕರೆಯಬೇಕು ಅಂತ ಬಾಯಿ ತೆರೆದೆ. ಆ ಹೆಸರು ಗಂಟಲಲ್ಲೇ ಸಿಕ್ಕಿಕೊಂಡಿತು. ಬಣ್ಣದ ಹಬೆ ಕುಡಿದೂ ಕುಡಿದೂ ಗಂಟಲು ಕಟ್ಟಿದೆ, ಬಿಸಿನೀರು ಕುಡಿಯಬೇಕು. ‘ಮಗಳೇ’ ಅಂದೆ.

ಅವಳು ಕೈ ಒರೆಸಿಕೊಂಡು ಬಂದಳು. ‘ನಾನು ಬರ್ತೀನಿ ಅಕ್ಕ. ನನ್ನ ಕಾಲಲ್ಲೇ ಬರ್ತೀನಿ. ಬೇರೆಯವರ ಕಾಲಲ್ಲಿ ಬರಲ್ಲ.’

‘ಹತ್ತು ಅಂಕ ಹೋಗುತ್ತೆ.’

‘ಗೊತ್ತು. ಅದಕ್ಕೇ ಬರ್ತಿಲ್ಲ.’

‘ಮಗಳು ಅಪ್ಪನ ಹಂಗೇ’ ಅಂದ ಅವಳಪ್ಪ. ‘ಮೂಟೆ ಹೊರ್ತೀವಿ, ಆದ್ರೆ ಇದು ನನ್ನ ಮೂಟೆ ಅಲ್ಲ ಅಂದ್ರೆ ಇಳಿಸಿಬಿಡ್ತೀವಿ.’

ಮಾರ್ಚ್ 24, ಸೋಮವಾರ

ನಿಯಮ ಪುಸ್ತಕವನ್ನು ಮೊದಲ ಪುಟದಿಂದ ಕೊನೆಯ ಪುಟದ ತನಕ ಓದಿದೆ. ಪಾತ್ರೆಯ ಮುಂದೆ ನಿಂತೇ ಓದಿದೆ. ಎರಡು ಕೆಂಪು ನೂಲಿನ ಲಡಿ ಹೆಚ್ಚು ಕುದ್ದು ಹಾಳಾದವು. ಮೇಸ್ತ್ರಿಯ ಬೈಗುಳ ಬಿತ್ತು. ಬೀಳಲಿ.

ಮೂವತ್ತೊಂದನೇ ನಿಯಮ: ‘ತಂಡದ ಏಕರೂಪತೆಯನ್ನು ನಾಯಕಿಯ ಸಮವಸ್ತ್ರಕ್ಕೆ ಹೋಲಿಸಿ ನಿರ್ಣಯಿಸತಕ್ಕದ್ದು. ದಂಡ ವಿಧಿಸುವಾಗ ತಪ್ಪಿದ ಪ್ರತಿ ಸದಸ್ಯೆಯ ಸ್ಥಾನವನ್ನು ದಂಡಪತ್ರದಲ್ಲಿ ನಮೂದಿಸತಕ್ಕದ್ದು.’

ಮೂರು ಸಲ ಓದಿದೆ. ಅಂದರೆ ವಲಯ ಸುತ್ತಿನಲ್ಲಿ ಅಳತೆಗೋಲು ಸೀಟಿಯ ಕಾಲು. ಮುಂದೆ ಯಾರನ್ನು ನಿಲ್ಲಿಸುತ್ತೇವೋ ಅವರೇ ಸರಿ. ಹಿಂದೆ ಯಾರನ್ನು ನಿಲ್ಲಿಸುತ್ತೇವೋ ಅವರೇ ತಪ್ಪು.

ಎಡತುದಿಯಲ್ಲಿ ಅವಳನ್ನು ನಿಲ್ಲಿಸಿದ್ದು ದಂಡದಮ್ಮ ಅಲ್ಲ.

ಮಾರ್ಚ್ 25, ಮಂಗಳವಾರ

ಹದಿನೈದು ಜನರನ್ನೂ ನೆಲದ ಮೇಲೆ ಕೂರಿಸಿ ನಿಯಮ ಓದಿ ಹೇಳಿದೆ. ‘ಎಡತುದಿಯವಳು ನಾಯಕಿಯಾದರೆ ಅವಳ ಬಣ್ಣವೇ ಅಳತೆ. ದಂಡ ಹಾಕಲೇಬೇಕು ಅಂದ್ರೆ ಮಿಕ್ಕ ನಿಮ್ಮನ್ನೆಲ್ಲ ಬರೀಬೇಕು. ಎಷ್ಟು ಜನ ತಪ್ಪಿದ್ರೂ ದಂಡ ಒಂದೇ, ಹತ್ತು ಅಂಕ ಖಂಡಿತ ಹೋಗುತ್ತೆ. ಗೆಲುವು ಮರೆತುಬಿಡಿ. ಇದು ನಾನೊಬ್ಬಳೇ ತೀರ್ಮಾನ ಮಾಡೋದಲ್ಲ.’

ಗದ್ದಲ ಎದ್ದಿತು. ಅರ್ಧ ಗಂಟೆ. ನಾನು ಗದರಲಿಲ್ಲ.

‘ಎಲ್ಲಾರ ಕಾಲಿಗೂ ಅವಳ ಬಣ್ಣನೇ ಹಾಕಿಬಿಟ್ರೆ? ಎಲ್ಲ ಒಂದೇ ಆಗುತ್ತಲ್ಲ?’ ಅಂತ ಒಬ್ಬಳು ಕೇಳಿದಳು.

‘ಮಾದರಿ ತುಂಡಿಗೆ ಹೊಂದಲ್ಲ ಅಂತ ಹದಿನೆಂಟನೇ ನಿಯಮ ಎತ್ತುತ್ತಾರೆ. ಹೇಗೂ ದಂಡ ಬೀಳುತ್ತೆ’ ಅಂದೆ.

‘ಅಷ್ಟೇ ಅಲ್ಲ’ ಅಂದಳು ಸೀಟಿ. ‘ಅವಳಿಗೆ ನಮ್ಮ ಬಣ್ಣ ಬಳಿದು ನಕ್ಕಿದ್ದಾಯ್ತು. ಈಗ ಅವಳ ಬಣ್ಣ ನಾವು ಬಳ್ಕೊಂಡು ವೇಷ ಹಾಕೋದಾ?’

ಆಮೇಲೆ ಅವಳೇ ಎದ್ದಳು. ಮುಖ ಊದಿತ್ತು, ಅಳು ಬರುವ ಹಾಗಿತ್ತು. ನಾಲ್ಕು ವರ್ಷ ನಾಯಕಿಯಾಗಿದ್ದವಳು. ಕೊರಳಿಂದ ಸೀಟಿ ತೆಗೆದಳು. ‘ನಾನು ಖುಷಿಯಿಂದ ಕೊಡ್ತಿಲ್ಲ, ತಿಳ್ಕೊಳಿ ಎಲ್ಲ. ನಂಗೆ ಹೊಟ್ಟೆ ಉರೀತಿದೆ. ಆದ್ರೂ ಕೊಡ್ತಿದೀನಿ.’

‘ನಿನ್ನ ಇನ್ನು ಏನಂತ ಕರೆಯೋದೇ?’ ಅಂದಳು ಪಕ್ಕದವಳು.

‘ನಮ್ಮಪ್ಪ ಅಮ್ಮ ಇಟ್ಟ ಹೆಸರಿದೆಯಲ್ಲ, ಅದು ಸತ್ತು ಹೋಗಿದ್ಯಾ?’

ಹದಿಮೂರು ಕೈ ಎದ್ದವು. ಎರಡು ಏಳಲಿಲ್ಲ. ‘ನಮಗೆ ಗೆಲ್ಲಬೇಕಿತ್ತು, ಆದ್ರೆ ಬಿಟ್ಟು ಹೋಗಲ್ಲ’ ಅಂದರು ಆ ಇಬ್ಬರು. ಅದೂ ಸರಿಯೇ. ಮೂವರು ಓಣಿಗೆ ಓಡಿಹೋಗಿ ಅವಳನ್ನು ಕರೆದುಕೊಂಡು ಬಂದರು.

ಮಾರ್ಚ್ 28, ಶುಕ್ರವಾರ

ಹಿಂದಿನ ನಾಯಕಿ ಒಂದನೇ ಸಾಲಿಗೆ ಸೇರಿಕೊಂಡಳು; ಮೂರನೇ ಸಾಲಿನ ಎಡತುದಿಗೆ ಯಾರನ್ನೂ ನಿಲ್ಲಿಸಲಿಲ್ಲ. ಹೊಸ ನಾಯಕಿಗೆ ಸೀಟಿ ಬೇಡವಂತೆ. ಬಾಯಲ್ಲೇ ಆಜ್ಞೆ ಕೊಡುತ್ತಾಳೆ. ‘ಎಡಕ್ಕೆ ತಿರುಗ್!’ ಅಂದರೆ ಗೋದಾಮಿನ ತಗಡು ಅದುರುತ್ತದೆ. ಹಿಂದೆ ಇದ್ದಾಗ ಎಲ್ಲರ ಬೆನ್ನು ನೋಡಿ ನೋಡಿ ಎಲ್ಲರ ತಪ್ಪೂ ಅವಳಿಗೆ ಬಾಯಿಪಾಠ. ‘ಎರಡನೇ ಸಾಲು ಮೂರನೆಯವಳೇ, ತಿರುಗೋ ಮೊದಲು ಯಾಕೆ ಹೆಗಲು ಕುಣಿಸ್ತೀಯ? ಯಾರಿಗೆ ಹೇಳಿ ಕಳಿಸ್ತೀಯ?’ ಅಂತ ಕೇಳಿದಳು. ಅದು ನನ್ನ ಕಣ್ಣಿಗೆ ನಾಲ್ಕು ವರ್ಷದಲ್ಲಿ ಬಿದ್ದಿರಲಿಲ್ಲ.

ನಾವು ಗೋಡೆಯ ಹತ್ತಿರ ಕೂತು ಚಹಾ ಕುಡಿದೆವು. ಅವರ ಜೊತೆ ಚಹಾ ಕುಡಿದದ್ದು ಇದೇ ಮೊದಲು. ವಿಪರೀತ ಮಾತಾಡುತ್ತಾರೆ ಈ ಮಕ್ಕಳು.

ಏಪ್ರಿಲ್ 2, ಬುಧವಾರ

ಒಂಬತ್ತು ಪಾತ್ರೆ ಮತ್ತೆ ಇಟ್ಟೆವು. ಈ ಸಲ ಅವರವರ ಬಣ್ಣ ಅವರವರೇ ಅದ್ದಿದರು. ಬಣ್ಣದ ವಿಭಾಗದ ನೆಲ ಹಾಳಾಯಿತು. ತೆಳು ಚಹಾದ ಹದಿನಾರು ಜೊತೆಯನ್ನು ಯಂತ್ರ ಒರೆಸಲು ಕೊಟ್ಟೆ. ಒಳ್ಳೆ ಎಣ್ಣೆ ಹೀರುತ್ತವೆ.

ಏಪ್ರಿಲ್ 6, ಭಾನುವಾರ

ಎಲ್ಲವನ್ನೂ ಕ್ರಮವಾಗಿ ಬರೆಯುತ್ತೇನೆ.

ಅಂತಿಮ ಸುತ್ತಿಗೆ ಎಲ್ಲ ವಲಯದಿಂದ ಎಂಟು ತಂಡ. ಅಂಗಳಕ್ಕೆ ಇಳಿಯುವ ಮೊದಲು ಸಮವಸ್ತ್ರದ ತಪಾಸಣೆ. ನಾವು ಸಾಲಾಗಿ ನಿಂತೆವು. ದಂಡದಮ್ಮ ಕತ್ತಿನ ಪೆನ್ನು ಕೈಗೆ ತೆಗೆದುಕೊಂಡು ಬಂದಳು. ಮಾದರಿಯ ತುಂಡು ಅವಳ ಬೆರಳ ನಡುವೆ. ಆ ಬೆರಳೂ ಅವಳು ಹಾಕಿದ್ದ ಕಾಲುಚೀಲವೂ ಬೇರೆ ಬೇರೆ ಹೆಂಗಸರದು ಅನ್ನಿಸಿತು.

ಮೊದಲು ನಾಯಕಿಯ ಮುಂದೆ ನಿಂತಳು. ಕಾಲು ನೋಡಿದಳು, ತುಂಡು ನೋಡಿದಳು. ‘ಇದು ಮಾದರಿಗೆ ಹೊಂದಲ್ಲ.’

‘ಮೇಡಂ, ಮೂವತ್ತೊಂದನೇ ನಿಯಮ. ಹೋಲಿಸಬೇಕಾದ್ದು ನಾಯಕಿಗೆ’ ಅಂದಳು ನಮ್ಮ ಹುಡುಗಿ. ಪುಟ ತೆರೆದು ಹಿಡಿದಿದ್ದಳು. ‘ಮಾದರಿ ತುಂಡಿನ ಮಾತು ಈ ಪುಸ್ತಕದಲ್ಲಿ ಎಲ್ಲೂ ಇಲ್ಲ. ಹುಡುಕಿ ಆಯ್ತು.’

ಮುಖ್ಯ ತೀರ್ಪುಗಾರರನ್ನು ಕರೆಸಿದರು. ಅವರು ಪುಟ ಓದಿದರು, ಹಿಂದಿನ ಪುಟ ಓದಿದರು, ಮುಂದಿನ ಪುಟ ಓದಿದರು. ನನ್ನ ಕಡೆ ಒಂದು ನೋಟ ಬೀರಿ, ‘ನಿಯಮ ಇರೋ ಹಾಗೆ ಮಾಡಿ’ ಅಂದರು.

ದಂಡದಮ್ಮ ಬರೆಯಲು ಶುರು ಮಾಡಿದಳು. ‘ಒಂದನೇ ಸಾಲು, ಒಂದು. ಒಂದನೇ ಸಾಲು, ಎರಡು.’ ಹಿಂದೆ ಸೀಟಿಯಾಗಿದ್ದವಳ ಮುಂದೆ ನಿಂತು ಬರೆದಾಗ ಅವಳು, ‘ಮೇಡಂ, ನಂದು ಸ್ಪಷ್ಟವಾಗಿ ಬರೀರಿ’ ಅಂದಳು. ದಂಡಪತ್ರದಲ್ಲಿ ಆರೇ ಗೆರೆ. ಎರಡನೇ ಹಾಳೆ ತರಿಸಿದರು. ಅಷ್ಟರಲ್ಲಿ ಗ್ಯಾಲರಿಯಲ್ಲಿ ಕೂತವರಿಗೆ ಏನೋ ನಡೆಯುತ್ತಿದೆ ಅಂತ ಗೊತ್ತಾಗಿ ಗಟ್ಟಿಯಾಗಿ ಎಣಿಸತೊಡಗಿದರು. ಒಂಬತ್ತು! ಹತ್ತು! ಮೂಟೆ ಹೊರುವ ಅಪ್ಪನ ದನಿ ಎಲ್ಲಕ್ಕಿಂತ ಮೇಲೆ. ಮೂರನೇ ಹಾಳೆ. ಹದಿನೈದು! ಪೆನ್ನಿನ ಮುಚ್ಚಳ ಹಾಕುವಾಗ ದಂಡದಮ್ಮನ ಕುತ್ತಿಗೆಯಲ್ಲಿ ಬೆವರು ಇಳಿಯುತ್ತಿತ್ತು.

ಆಮೇಲೆ ನಾವು ಆಡಿದೆವು. ಹೇಗೆ ಆಡಿದೆವು ಅಂತ ಬರೆಯಲು ನನಗೆ ಬರುವುದಿಲ್ಲ. ಆ ನಲವತ್ತು ಸಲದ ತಿರುವಿನಲ್ಲಿ ಮೂವತ್ತೆರಡು ಕಾಲು, ಒಂಬತ್ತು ಬಣ್ಣ, ಒಂದೇ ಸದ್ದು.

ತೊಂಬತ್ತನಾಲ್ಕು. ಎಂಟು ತಂಡಗಳಲ್ಲಿ ಯಾರಿಗೂ ಅಷ್ಟು ಬರಲಿಲ್ಲ. ಹತ್ತು ಕಳೆದು ಎಂಬತ್ತನಾಲ್ಕು. ಆರನೇ ಸ್ಥಾನ. ಗೆದ್ದ ತಂಡಕ್ಕೆ ತೊಂಬತ್ತೆರಡು.

ಎರಡು ಅಂಕ ಮೇಲಿದ್ದು ನಾವು ಸೋತೆವು. ನೋವಾಯಿತು. ಆಗಲಿಲ್ಲ ಅಂತ ಬರೆದರೆ ಸುಳ್ಳು. ಕೈ ಎತ್ತದಿದ್ದ ಆ ಇಬ್ಬರು ಅತ್ತರು. ಮುಖ್ಯ ತೀರ್ಪುಗಾರರು ಹತ್ತಿರ ಬಂದು ಮೆಲ್ಲಗೆ, ‘ನಿಯಮ ತಿದ್ದುಪಡಿ ಸಭೆ ಜೂನ್‌ನಲ್ಲಿ ಅಮ್ಮ. ಅರ್ಜಿ ಕೊಡಬಹುದು’ ಅಂದರು.

‘ಕೊಡ್ತೀವಿ. ಹದಿನೇಳು ಜನ ಬಂದು ಕೊಡ್ತೀವಿ. ಕುರ್ಚಿ ಹಾಕಿಸಿಡಿ’ ಅಂದೆ.

ಬಸ್ಸಿಗೆ ಕಾಯುತ್ತ ರಸ್ತೆ ಬದಿಯಲ್ಲಿ ನಿಂತಿದ್ದೆವು. ಎಲ್ಲರ ಮುಖ ಜೋತು ಬಿದ್ದಿತ್ತು. ನಾಯಕಿ ಮೂರು ಹಾಳೆ ದಂಡಪತ್ರ ಇಸಿದುಕೊಂಡು ಮೊದಲಿನಿಂದ ಕೊನೆಯ ತನಕ ಬೆರಳಿಟ್ಟು ಓದಿದಳು. ಮತ್ತೊಮ್ಮೆ ಓದಿದಳು. ಅವಳ ಹೆಗಲು ಅಲುಗುತ್ತಿತ್ತು. ಅಳುತ್ತಿದ್ದಾಳೆ ಅಂದುಕೊಂಡು ಹತ್ತಿರ ಹೋದೆ.

‘ಅಕ್ಕ,’ ಅಂದಳು, ನಗು ತಡೆಯಲಾಗದೆ ಉಸಿರು ಸಿಕ್ಕಿಕೊಂಡಿತ್ತು. ‘ಹದಿನೈದು ಜನನೂ ತಪ್ಪು. ಇಡೀ ತಂಡದಲ್ಲಿ ನಾನೊಬ್ಬಳೇ ಸರಿ!’

ಆಮೇಲೆ ಅತ್ತವರೂ ಸೇರಿ ಹೋ ಅಂತ ನಕ್ಕರು. ಹಾಳೆಗೆ ಕಿತ್ತಾಟ ಶುರುವಾಯಿತು. ‘ನಂದು ತೋರ್ಸೇ, ನಂದು ಎಲ್ಲಿ ಬರ್ದಿದಾಳೆ?’ ದೂರದಲ್ಲಿ ಬಸ್ಸು ತಿರುಗಿತು. ಗುಂಪು ರಸ್ತೆಗೆ ಚೆಲ್ಲಿತ್ತು.

ನಾಯಕಿ ಗುಂಪಿನ ಮುಂದೆ ಬಂದು ಹಿಮ್ಮಡಿ ಜೋಡಿಸಿ ನಿಂತಳು. ರಸ್ತೆಯ ಆಚೆಗಿನ ಅಂಗಡಿಯವರು ತಿರುಗಿ ನೋಡುವ ಹಾಗೆ ಕೂಗಿದಳು:

‘ತಪ್ಪುಗಳೆಲ್ಲ, ಸಾಲು ಕಟ್ಟಿ!’

ಹದಿನೈದು ಜೊತೆ ಕಾಲು ಒಂದೇ ಸದ್ದು ಮಾಡಿ ನಿಂತವು. ಮೂರನೇ ಸಾಲಿನ ಎಡತುದಿ ಖಾಲಿ ಇತ್ತು. ಹೋಗಿ ನಿಂತುಕೊಂಡೆ.